ರಾಚೆಸ್ಟರ್ ನಗರ: ಜನಸಂಖ್ಯೆ ಮತ್ತು ಮನೆವಾರು ಆದಾಯ

ರಾಚೆಸ್ಟರ್ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಒಂಟಾರಿಯೊ ಸರೋವರದ ದಕ್ಷಿಣ ದಂಡೆಗೆ ಹೊಂದಿಕೊಂಡಿರುವ ಮಧ್ಯಮ ಗಾತ್ರದ ನಗರ. ಮನ್ರೋ ಕೌಂಟಿಯ ಆಡಳಿತ ಕೇಂದ್ರ. 2020ರ ಜನಗಣತಿಯಲ್ಲಿ ಇದರ ಜನಸಂಖ್ಯೆ 2,11,328. ಸುತ್ತಲಿನ ಉಪನಗರಗಳೂ ಗ್ರಾಮೀಣ ಕೌಂಟಿಗಳೂ ಸೇರಿದ ಮಹಾನಗರ ಪ್ರದೇಶದ ಜನಸಂಖ್ಯೆ ಸುಮಾರು 10.9 ಲಕ್ಷ. ಈ ಪ್ರದೇಶ ಒಟ್ಟಾರೆಯಾಗಿ ಬಡ ಪ್ರದೇಶವಲ್ಲ, ಆದರೆ ನಗರ ಬಡ ನಗರ. ರಾಚೆಸ್ಟರಿನ ಅಂಕಿಅಂಶಗಳಲ್ಲಿ ಕಾಣುವ ಹೆಚ್ಚಿನ ವೈಚಿತ್ರ್ಯಗಳು ಈ ಅಂತರದಿಂದಲೇ ಹುಟ್ಟಿವೆ.

ಪರಿಭಾಷೆ

ಅಮೆರಿಕದ ಜನಗಣತಿ ಬ್ಯೂರೋ ಒಂದು ವಾಸದ ಮನೆಯಲ್ಲಿ ಇರುವ ಎಲ್ಲರನ್ನೂ, ಅವರ ನಡುವೆ ನೆಂಟಸ್ತಿಕೆ ಇರಲಿ ಇಲ್ಲದಿರಲಿ, ಒಂದು ‘ಮನೆವಾರು ಘಟಕ’ವಾಗಿ ಎಣಿಸುತ್ತದೆ. ರಕ್ತಸಂಬಂಧ, ಮದುವೆ ಅಥವಾ ದತ್ತು ಸ್ವೀಕಾರದಿಂದ ಕೂಡಿದ ಇಬ್ಬರು ಅಥವಾ ಹೆಚ್ಚು ಜನರಿದ್ದರೆ ಮಾತ್ರ ಅದು ‘ಕುಟುಂಬ’. ಒಬ್ಬರೇ ಇರುವ ಮನೆಯೂ, ಬಾಡಿಗೆ ಹಂಚಿಕೊಂಡ ಮೂವರು ಗೆಳೆಯರ ಮನೆಯೂ ಘಟಕಗಳೇ ಹೊರತು ಕುಟುಂಬಗಳಲ್ಲ. ವಿದ್ಯಾರ್ಥಿನಿಲಯ, ಸೆರೆಮನೆ, ವೃದ್ಧಾಶ್ರಮಗಳಲ್ಲಿ ಇರುವವರು ಜನಸಂಖ್ಯೆಗೆ ಸೇರುತ್ತಾರೆ, ಮನೆವಾರು ಲೆಕ್ಕಕ್ಕೆ ಸೇರುವುದಿಲ್ಲ.

ಮನೆವಾರು ಆದಾಯವೆಂದರೆ ಘಟಕದ 15 ವರ್ಷ ತುಂಬಿದ ಎಲ್ಲರ ವಾರ್ಷಿಕ ನಗದು ಆದಾಯದ ಮೊತ್ತ. ತೆರಿಗೆ ಕಳೆಯುವ ಮುಂಚಿನ ಸಂಬಳ, ಸ್ವಂತ ಉದ್ಯೋಗದ ಗಳಿಕೆ, ಬಡ್ಡಿ, ಬಾಡಿಗೆ, ಪಿಂಚಣಿ, ಸಾಮಾಜಿಕ ಭದ್ರತೆಯ ಹಣ ಇದರಲ್ಲಿ ಸೇರುತ್ತವೆ. ಸರ್ಕಾರ ಕೊಡುವ ಆಹಾರ ನೆರವು, ಆರೋಗ್ಯ ವಿಮೆಯ ಮೌಲ್ಯ, ಆಸ್ತಿ ಮಾರಿದಾಗ ಬರುವ ಲಾಭ ಸೇರುವುದಿಲ್ಲ. ಘಟಕಗಳನ್ನು ಆದಾಯದ ಏರಿಕೆ ಕ್ರಮದಲ್ಲಿ ಸಾಲಾಗಿ ಇಟ್ಟಾಗ ನಟ್ಟನಡುವೆ ಬರುವ ಮೊತ್ತ ‘ಮಧ್ಯಾಂಕ ಆದಾಯ’. ಕೆಲವೇ ಸಿರಿವಂತರಿಂದ ಸರಾಸರಿ ಉಬ್ಬುವ ಕಾರಣ ನಗರಗಳ ಹೋಲಿಕೆಗೆ ಮಧ್ಯಾಂಕವನ್ನೇ ಬಳಸಲಾಗುತ್ತದೆ.

ಬಡತನ ರೇಖೆಯನ್ನು 1960ರ ದಶಕದಲ್ಲಿ ಮಾಲಿ ಒರ್ಶಾನ್‌ಸ್ಕಿ ರೂಪಿಸಿದ ವಿಧಾನದಿಂದ ಗುರುತಿಸುತ್ತಾರೆ. ಆಗಿನ ಕನಿಷ್ಠ ಆಹಾರ ವೆಚ್ಚದ ಮೂರು ಪಟ್ಟು ಅದರ ಮೂಲ; ಮುಂದೆ ಬೆಲೆಯೇರಿಕೆಗೆ ತಕ್ಕಂತೆ ಹೊಂದಿಸುತ್ತ ಬರಲಾಗಿದೆ. 2022ರಲ್ಲಿ ಇಬ್ಬರು ಮಕ್ಕಳಿರುವ ನಾಲ್ವರ ಕುಟುಂಬಕ್ಕೆ ಈ ರೇಖೆ 29,678 ಡಾಲರ್. ಮನ್‌ಹಟನ್ನಿಗೂ ರಾಚೆಸ್ಟರಿಗೂ ಒಂದೇ ರೇಖೆ. ಬಾಡಿಗೆಯ ವ್ಯತ್ಯಾಸ ಅದಕ್ಕೆ ತಿಳಿಯದು.

ಅಂಕಿಅಂಶಗಳ ಮೂಲ

2000ದವರೆಗೆ ಆದಾಯದ ವಿವರ ಸಿಗುತ್ತಿದ್ದುದು ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯ ದೀರ್ಘ ನಮೂನೆಯಿಂದ. ಸುಮಾರು ಆರರಲ್ಲಿ ಒಂದು ಮನೆಗೆ ಈ ನಮೂನೆ ಹೋಗುತ್ತಿತ್ತು. 2005ರಿಂದ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿರುವ ಅಮೆರಿಕನ್ ಕಮ್ಯುನಿಟಿ ಸರ್ವೆ ಆ ಜಾಗಕ್ಕೆ ಬಂದಿತು. 65,000ಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ ಪ್ರತಿವರ್ಷದ ಅಂದಾಜು, ಎಲ್ಲ ಊರುಗಳಿಗೂ ಐದು ವರ್ಷಗಳ ಒಟ್ಟು ಅಂದಾಜು ಈ ಸಮೀಕ್ಷೆಯಿಂದ ಹೊರಬರುತ್ತವೆ. ರಾಚೆಸ್ಟರಿಗೆ ಎರಡೂ ಲಭ್ಯ. ಒಂದು ವರ್ಷದ ಅಂದಾಜು ಹೊಸದು, ಆದರೆ ಮಾದರಿ ಚಿಕ್ಕದಾದ್ದರಿಂದ ಏರಿಳಿತ ಹೆಚ್ಚು. ಐದು ವರ್ಷದ್ದು ಸ್ಥಿರವಾದರೂ ಹಳೆಯ ವರ್ಷಗಳ ನೆರಳು ಅದರಲ್ಲಿ ಉಳಿಯುತ್ತದೆ. ಇವೆರಡನ್ನು ಬೆರೆಸಿ ಏರಿಕೆ ಇಳಿಕೆಗಳ ತೀರ್ಮಾನಕ್ಕೆ ಬರುವುದು ಪತ್ರಿಕಾ ವರದಿಗಳಲ್ಲಿ ಪದೇ ಪದೇ ಕಾಣುವ ತಪ್ಪು.

ಹುಟ್ಟು ಮತ್ತು ಬೆಳವಣಿಗೆ

ಉತ್ತರಕ್ಕೆ ಹರಿದು ಸರೋವರ ಸೇರುವ ಜೆನೆಸೀ ನದಿ ಇಲ್ಲಿ ಜಲಪಾತಗಳಾಗಿ ಧುಮುಕುತ್ತದೆ. ಮೇರಿಲ್ಯಾಂಡಿನ ನೆಥಾನಿಯಲ್ ರಾಚೆಸ್ಟರ್ ಮತ್ತು ಇಬ್ಬರು ಪಾಲುದಾರರು 1803ರಲ್ಲಿ ನದಿಯ ಪಕ್ಕದ 100 ಎಕರೆ ಜಾಗ ಕೊಂಡರು. 1817ರಲ್ಲಿ ಅದು ಹಳ್ಳಿಯಾಗಿಯೂ 1834ರಲ್ಲಿ ನಗರವಾಗಿಯೂ ಮಾನ್ಯತೆ ಪಡೆಯಿತು. ಈರಿ ಕಾಲುವೆ 1823ರಲ್ಲಿ ಮೇಲ್ಗಾಲುವೆಯ ಮೂಲಕ ಜೆನೆಸೀಯನ್ನು ದಾಟಿತು, 1825ರಲ್ಲಿ ಪೂರ್ಣಗೊಂಡಿತು. ಜಲಪಾತದ ಬಲದಿಂದ ಓಡುವ ಹಿಟ್ಟಿನ ಗಿರಣಿಗಳಿಗೆ ನ್ಯೂಯಾರ್ಕ್ ಬಂದರಿನ ದಾರಿ ತೆರೆಯಿತು. 1820ರಲ್ಲಿ 1,502 ಇದ್ದ ಜನಸಂಖ್ಯೆ 1830ರಲ್ಲಿ 9,207ಕ್ಕೆ, 1850ರಲ್ಲಿ 36,403ಕ್ಕೆ ಏರಿತು.

ಗೋಧಿಯ ಬೇಸಾಯ ಪಶ್ಚಿಮಕ್ಕೆ ಸರಿದ ಮೇಲೆ ಗಿರಣಿಗಳ ಮೇಲುಗೈ ಹೋಯಿತು, ಆದರೆ ಊರು ಕುಗ್ಗಲಿಲ್ಲ. ಸಸಿ ಬೆಳೆಸಿ ಮಾರುವ ನರ್ಸರಿಗಳು, ಗಂಡಸರ ಸಿದ್ಧ ಉಡುಪು, ಪಾದರಕ್ಷೆ, 1853ರಲ್ಲಿ ಶುರುವಾದ ಬಾಷ್ ಅಂಡ್ ಲಾಂಬ್‌ನ ಕನ್ನಡಕ ಮತ್ತು ಮಸೂರಗಳು, 1880ರ ದಶಕದಿಂದ ಜಾರ್ಜ್ ಈಸ್ಟ್‌ಮನ್‌ನ ಛಾಯಾಚಿತ್ರ ಸಾಮಗ್ರಿ ಒಂದರ ಹಿಂದೆ ಒಂದರಂತೆ ಬಂದವು. ಐರಿಷ್ ಮತ್ತು ಜರ್ಮನ್ ವಲಸಿಗರ ಹಿಂದೆಯೇ ಇಟಲಿ, ಪೋಲೆಂಡ್, ಉಕ್ರೇನ್ ಕಡೆಯವರೂ ಪೂರ್ವ ಯೂರೋಪಿನ ಯಹೂದಿಗಳೂ ನೆಲೆಸಿದರು. 1890ರಲ್ಲಿ 1,33,896 ಇದ್ದ ಜನಸಂಖ್ಯೆ 1920ರಲ್ಲಿ 2,95,750 ಆಯಿತು. 1950ರ 3,32,488 ಈವರೆಗಿನ ಗರಿಷ್ಠ.

ನಗರದ ಎಲ್ಲೆ

ಇಪ್ಪತ್ತನೆಯ ಶತಮಾನದ ಮೊದಲ ಭಾಗದ ಏರಿಕೆಯಲ್ಲಿ ಎಲ್ಲೆ ವಿಸ್ತರಣೆಯ ಪಾಲೂ ಇದೆ. 1905ರಲ್ಲಿ ಬ್ರೈಟನ್ ಹಳ್ಳಿ, 1916ರಲ್ಲಿ ಸರೋವರದ ದಡದ ಶಾರ್ಲೆಟ್ ಹಳ್ಳಿ ನಗರಕ್ಕೆ ಸೇರಿದವು. ಭೂಪಟದಲ್ಲಿ ನಗರ ನದಿಯುದ್ದಕ್ಕೂ ಉತ್ತರಕ್ಕೆ ಬಾಲದಂತೆ ಚಾಚಿರುವುದು ಈ ಶಾರ್ಲೆಟ್ ಸೇರ್ಪಡೆಯಿಂದ. ಆಮೇಲೆ ಎಲ್ಲೆ ಬಹುಮಟ್ಟಿಗೆ ನಿಂತುಹೋಯಿತು. ನ್ಯೂಯಾರ್ಕ್ ರಾಜ್ಯದಲ್ಲಿ ಟೌನ್‌ಗಳಿಗೆ ಸ್ವಂತ ಆಡಳಿತವಿದ್ದು, ಅಲ್ಲಿಯವರ ಒಪ್ಪಿಗೆಯಿಲ್ಲದೆ ನಗರ ಅವನ್ನು ಸೇರಿಸಿಕೊಳ್ಳಲು ಆಗುವುದಿಲ್ಲ. ಇಂದಿಗೂ ನಗರದ ನೆಲದ ವಿಸ್ತೀರ್ಣ ಸುಮಾರು 93 ಚದರ ಕಿಲೋಮೀಟರ್.

ರಾಚೆಸ್ಟರಿನ ಎಲ್ಲೆ ಹೀಗೆ ನಿಂತಿದ್ದಾಗ ಒಹಾಯೊದ ಕೊಲಂಬಸ್ ನಗರ ನೀರು ಮತ್ತು ಒಳಚರಂಡಿ ಸಂಪರ್ಕವನ್ನು ಷರತ್ತಾಗಿಟ್ಟು ಸುತ್ತಲ ಪ್ರದೇಶಗಳನ್ನು ಸೇರಿಸಿಕೊಳ್ಳುತ್ತ ಹೋಯಿತು. 1950ರಲ್ಲಿ 3,75,901 ಇದ್ದ ಅದರ ಜನಸಂಖ್ಯೆ 2020ರಲ್ಲಿ 9 ಲಕ್ಷ ದಾಟಿದೆ. 1950ರಲ್ಲಿ ಹೆಚ್ಚುಕಡಿಮೆ ಸರಿಸಮವಾಗಿದ್ದ ಎರಡು ನಗರಗಳ ಇಂದಿನ ಆದಾಯ, ಬಡತನ, ಜನಸಂಖ್ಯೆಗಳ ಹೋಲಿಕೆಯಲ್ಲಿ ಆರ್ಥಿಕ ಏಳುಬೀಳಿನಷ್ಟೇ ಎಲ್ಲೆಯ ಕಾನೂನೂ ಅಡಗಿದೆ.

ಇಳಿಕೆಯ ಕಾಲ

ನಗರದ ಜನಸಂಖ್ಯೆ 1960ರಲ್ಲಿ 3,18,611ಕ್ಕೆ ಇಳಿಯಿತು. 1970ರ ದಶಕದಲ್ಲಿ 50 ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು 1980ರಲ್ಲಿ 2,41,741ಕ್ಕೆ ಬಂದಿತು. ಮುಂದಿನ ಎಣಿಕೆಗಳು 1990ರಲ್ಲಿ 2,31,636, 2000ದಲ್ಲಿ 2,19,773, 2010ರಲ್ಲಿ 2,10,565. ಗರಿಷ್ಠದಿಂದ ಕಳೆದುಹೋದದ್ದು ಮೂರರಲ್ಲೊಂದು ಪಾಲಿಗಿಂತ ಹೆಚ್ಚು.

ಕೌಂಟಿಯ ಲೆಕ್ಕ ಬೇರೆಯದೇ ಕಥೆ ಹೇಳುತ್ತದೆ. ಮನ್ರೋ ಕೌಂಟಿಯ ಜನಸಂಖ್ಯೆ 1950ರಲ್ಲಿ 4,87,632 ಇದ್ದದ್ದು 1970ರಲ್ಲಿ 7,11,917 ಆಗಿ, 2020ರಲ್ಲಿ 7,59,443 ತಲುಪಿತು. ನಗರದ ಹೊರಗಿನ ಜನ 1.55 ಲಕ್ಷದಿಂದ 5.48 ಲಕ್ಷಕ್ಕೆ ಏರಿದರು. 1950ರಲ್ಲಿ ಕೌಂಟಿಯ ಶೇ 68ರಷ್ಟು ಜನ ನಗರದಲ್ಲಿದ್ದರೆ 2020ರಲ್ಲಿ ಇದ್ದವರು ಶೇ 28 ಮಾತ್ರ. ಸರ್ಕಾರಿ ಭದ್ರತೆಯ ಗೃಹಸಾಲ, ಹೊಸ ಹೆದ್ದಾರಿಗಳು, ಬೇರೆ ಶಾಲಾ ಜಿಲ್ಲೆಗಳು ಗ್ರೀಸ್, ಐರಾಂಡಿಕ್ವಾಯ್ಟ್, ಹೆನ್ರಿಯೆಟಾ, ಪೆನ್‌ಫೀಲ್ಡ್, ವೆಬ್‌ಸ್ಟರ್, ಪಿಟ್ಸ್‌ಫರ್ಡ್ ಟೌನ್‌ಗಳನ್ನು ಬೆಳೆಸಿದವು. ಪೇಟೆಯ ಕೇಂದ್ರವನ್ನು ಸುತ್ತುವರಿದು 1965ರಲ್ಲಿ ಮುಗಿದ ‘ಇನ್ನರ್ ಲೂಪ್’ ಹೆದ್ದಾರಿಗಾಗಿ ವಾಸದ ಬೀದಿಗಳೇ ನೆಲಸಮವಾದವು.

ಜನ ಕಡಿಮೆಯಾದ ಮಟ್ಟಿಗೆ ಮನೆಗಳು ಖಾಲಿಯಾಗಲಿಲ್ಲ. 1950ರಲ್ಲಿ ದೇಶದ ಮನೆವಾರು ಘಟಕದ ಸರಾಸರಿ ಗಾತ್ರ 3.4ರ ಆಸುಪಾಸಿನಲ್ಲಿತ್ತು, 2000ದಲ್ಲಿ ರಾಚೆಸ್ಟರಿನ ಸರಾಸರಿ 2.36. ಆ ವರ್ಷ ನಗರದಲ್ಲಿದ್ದ 88,999 ಘಟಕಗಳು ಹಳೆಯ ಗಾತ್ರದಲ್ಲೇ ಇದ್ದಿದ್ದರೆ ಅವುಗಳಲ್ಲಿ ಸುಮಾರು 3 ಲಕ್ಷ ಜನ ಇರುತ್ತಿದ್ದರು. ಅಂದರೆ ಇಳಿಕೆಯ ದೊಡ್ಡ ಪಾಲು ಮನೆಗಳು ಚಿಕ್ಕದಾದದ್ದರ ಫಲ. ಉಪನಗರಗಳಿಗೆ ಹೋದವರ ಮಾತು ಎಷ್ಟು ಪ್ರಚಲಿತವೋ ಈ ಅಂಶ ಅಷ್ಟೇ ಅಲಕ್ಷಿತ.

ಜನವರ್ಗಗಳು

ಕರಿಯರ ಪಾಲು 1950ರಲ್ಲಿ ಶೇ 3ಕ್ಕಿಂತ ಕಡಿಮೆ ಇತ್ತು. ದಕ್ಷಿಣ ರಾಜ್ಯಗಳಿಂದ ಉತ್ತರದ ಕೈಗಾರಿಕಾ ಊರುಗಳಿಗೆ ನಡೆದ ಮಹಾ ವಲಸೆ ರಾಚೆಸ್ಟರಿಗೆ ತಡವಾಗಿ ಮುಟ್ಟಿತು. ಫ್ಲಾರಿಡಾದ ಸ್ಯಾನ್‌ಫರ್ಡ್ ಸುತ್ತಮುತ್ತಲಿಂದ ಸುಗ್ಗಿಯ ಕೂಲಿಗೆ ಬಂದವರ ಜಾಡಿನಲ್ಲಿ ಎಷ್ಟೋ ಮನೆತನಗಳು ಇಲ್ಲಿಗೆ ಬಂದವು. 1960ರ ಹೊತ್ತಿಗೆ ಕರಿಯರ ಸಂಖ್ಯೆ ಸುಮಾರು 24,000ಕ್ಕೂ, 1970ರ ಹೊತ್ತಿಗೆ 50,000ದ ಸಮೀಪಕ್ಕೂ ಏರಿತು. ಬಾಡಿಗೆಗೆ ಮನೆ ಸಿಗುತ್ತಿದ್ದುದು ಮೂರನೆಯ ಮತ್ತು ಏಳನೆಯ ವಾರ್ಡುಗಳಲ್ಲಿ ಮಾತ್ರ. 1964ರ ಜುಲೈನಲ್ಲಿ ಇವೇ ಎರಡು ವಾರ್ಡುಗಳಲ್ಲಿ ಗಲಭೆ ನಡೆದು ನ್ಯಾಷನಲ್ ಗಾರ್ಡ್ ಪಡೆ ಬರಬೇಕಾಯಿತು. ಮುಂದಿನ ವರ್ಷ ಸಾಲ್ ಅಲಿನ್‌ಸ್ಕಿಯ ನೆರವಿನಿಂದ, ಫ್ರಾಂಕ್ಲಿನ್ ಫ್ಲಾರೆನ್ಸ್ ಮುಂದಾಳತ್ವದಲ್ಲಿ ಹುಟ್ಟಿದ ‘ಫೈಟ್’ ಸಂಘಟನೆ ಈಸ್ಟ್‌ಮನ್ ಕಟ್ಟಿದ ಕೊಡಾಕ್ ಕಂಪನಿಯಲ್ಲಿ ಕರಿಯರಿಗೆ ಕೆಲಸ ಕೊಡಬೇಕೆಂದು ಚಳವಳಿ ಹೂಡಿತು.

1990ರಲ್ಲಿ ಶೇ 31.5 ಇದ್ದ ಕರಿಯರ ಪಾಲು 2010ರಲ್ಲಿ ಶೇ 41.7 ಆಯಿತು, 2020ರಲ್ಲಿ ಸ್ವಲ್ಪ ಇಳಿದಿದೆ. ಹಿಸ್ಪ್ಯಾನಿಕ್ ಜನರ ಪಾಲು 1990ರಲ್ಲಿ ಶೇ 8.7, 2000ದಲ್ಲಿ ಶೇ 12.8, 2010ರಲ್ಲಿ ಶೇ 16.4, 2020ರಲ್ಲಿ ಐದರಲ್ಲೊಂದರ ಹತ್ತಿರ. ಇವರಲ್ಲಿ ಹೆಚ್ಚಿನವರು ಪೋರ್ಟೊರೀಕೊ ಮೂಲದವರು. ಅವರು ಹುಟ್ಟಿನಿಂದಲೇ ಅಮೆರಿಕದ ಪೌರರಾದ್ದರಿಂದ ‘ವಿದೇಶದಲ್ಲಿ ಹುಟ್ಟಿದವರು’ ಎಂಬ ಕಲಂಗೆ ಸೇರುವುದಿಲ್ಲ. ಆ ಕಲಂ ಒಂದನ್ನೇ ನೋಡಿದರೆ ನಗರಕ್ಕೆ ಬಂದ ವಲಸೆ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಇತ್ತೀಚಿನ ದಶಕಗಳಲ್ಲಿ ಭೂತಾನದಿಂದ ಹೊರಬಿದ್ದ ನೇಪಾಳಿ ಭಾಷಿಕರು, ಬರ್ಮಾ ಮತ್ತು ಸೊಮಾಲಿಯಾದ ನಿರಾಶ್ರಿತರು ನೆಲೆಸಿದ್ದಾರೆ.

ರಾಚೆಸ್ಟರ್ ಕಿವುಡರ ದೊಡ್ಡ ಸಮುದಾಯಕ್ಕೂ ಹೆಸರಾಗಿದೆ. 1876ರಷ್ಟು ಹಳೆಯದಾದ ಕಿವುಡರ ಶಾಲೆ ನಗರದಲ್ಲಿದೆ. 1968ರಲ್ಲಿ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ ಕಿವುಡರ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ ಆರಂಭವಾಯಿತು. ಶ್ರವಣದ ತೊಂದರೆಯನ್ನು ಸಮೀಕ್ಷೆ ಕೇಳುತ್ತದೆ. ಅಮೆರಿಕನ್ ಸಂಜ್ಞಾಭಾಷೆಗೆ ಮಾತ್ರ ಭಾಷಾ ಕೋಷ್ಟಕಗಳಲ್ಲಿ ಬೇರೆ ಸಾಲಿಲ್ಲ.

ಎಂಜಿನಿಯರುಗಳಾಗಿ, ವೈದ್ಯರಾಗಿ, ಅಧ್ಯಾಪಕರಾಗಿ ಬಂದ ಭಾರತೀಯರು ಹೆಚ್ಚಾಗಿ ನೆಲೆಸಿರುವುದು ಪಿಟ್ಸ್‌ಫರ್ಡ್, ನಗರಕ್ಕೆ ಸೇರದೆ ಉಳಿದ ಬ್ರೈಟನ್, ಹೆನ್ರಿಯೆಟಾದಂಥ ಟೌನ್‌ಗಳಲ್ಲಿ. ಹಿಂದೂ ದೇವಸ್ಥಾನ ಇರುವುದೂ ಪಿಟ್ಸ್‌ಫರ್ಡ್‌ನಲ್ಲೇ. ಹೀಗಾಗಿ ಅವರ ಆದಾಯ ಕೌಂಟಿಯ ಲೆಕ್ಕಕ್ಕೆ ಸೇರುತ್ತದೆ, ನಗರದ್ದಕ್ಕಲ್ಲ. ಸಮೀಕ್ಷೆಯ ವಿವರವಾದ ಭಾಷಾ ಕೋಷ್ಟಕದಲ್ಲಿ ತಮಿಳು ಮತ್ತು ತೆಲುಗಿಗೆ ಪ್ರತ್ಯೇಕ ಸಾಲುಗಳಿದ್ದರೆ, ಕನ್ನಡವನ್ನು ಮಲಯಾಳ ಹಾಗೂ ಇತರ ದ್ರಾವಿಡ ಭಾಷೆಗಳೊಂದಿಗೆ ಒಂದೇ ಸಾಲಿನಲ್ಲಿ ಇಟ್ಟಿದೆ. ಕನ್ನಡಿಗರ ಸಂಖ್ಯೆಯನ್ನು ಆ ಕೋಷ್ಟಕದಿಂದ ಬಿಡಿಸಿ ತೆಗೆಯಲು ಬರುವುದಿಲ್ಲ.

ಮನೆವಾರು ರಚನೆ

2000ದ ಜನಗಣತಿಯಲ್ಲಿ ನಗರದ ಘಟಕಗಳ ಪೈಕಿ ದಂಪತಿ ಒಟ್ಟಿಗೆ ಇದ್ದವು ಶೇ 25.1. ಗಂಡನಿಲ್ಲದ ಹೆಣ್ಣು ಯಜಮಾನಿಯಾಗಿದ್ದ ಕುಟುಂಬಗಳು ಶೇ 23.3. ಒಬ್ಬರೇ ಇದ್ದವು ಶೇ 37.1. ಮಧ್ಯಾಂಕ ವಯಸ್ಸು 31. ಜನಸಂಖ್ಯೆಯ ಶೇ 28.1ರಷ್ಟು ಜನ 18 ದಾಟದವರು, ಶೇ 10 ಮಂದಿ 65 ಮುಟ್ಟಿದವರು. ಒಟ್ಟಿನಲ್ಲಿ ಬಹಳಷ್ಟು ಮನೆಗಳಲ್ಲಿ ದುಡಿಯುವವರು ಒಬ್ಬರೇ. ಎರಡು ಸಂಬಳದ ಮನೆಗಳೇ ಹೆಚ್ಚಿರುವ ಉಪನಗರದ ಜೊತೆ ಹೋಲಿಸುವಾಗ, ಕೂಲಿಯ ದರ ಸಮವಾಗಿದ್ದರೂ ಮನೆವಾರು ಆದಾಯ ಕಡಿಮೆ ಕಾಣಲು ಇದೊಂದೇ ಸಾಕು.

ವಸತಿಯಲ್ಲೂ ಇದೇ ಚಿತ್ರ. ಹತ್ತರಲ್ಲಿ ಆರು ಮನೆಗಳು ಬಾಡಿಗೆಯವು. ಮರದ ಚೌಕಟ್ಟಿನ ಹಳೆಯ ಮನೆಗಳು ಬಹಳ. ಎರಡನೆಯ ಮಹಾಯುದ್ಧಕ್ಕೂ ಮುಂಚಿನವು ಸಾಕಷ್ಟಿವೆ. ಅವುಗಳ ಸೀಸದ ಬಣ್ಣ ಮಕ್ಕಳ ಆರೋಗ್ಯಕ್ಕೆ ಕುತ್ತಾದ್ದರಿಂದ, ಬಾಡಿಗೆ ಮನೆಗಳಲ್ಲಿ ಸೀಸದ ತಪಾಸಣೆ ಕಡ್ಡಾಯ ಮಾಡುವ ಕಾಯಿದೆಯನ್ನು ನಗರ ಸಭೆ 2005ರಲ್ಲಿ ಅಂಗೀಕರಿಸಿತು.

ಉದ್ಯೋಗ ಮತ್ತು ಗಳಿಕೆ

ಇಪ್ಪತ್ತನೆಯ ಶತಮಾನದ ಬಹುಭಾಗ ರಾಚೆಸ್ಟರಿನ ಆದಾಯವೆಂದರೆ ಕೊಡಾಕ್ ಸಂಬಳ. 1912ರಿಂದ ಕಂಪನಿ ತನ್ನ ನೌಕರರಿಗೆ ಲಾಭದ ಪಾಲನ್ನು ವಾರ್ಷಿಕ ಬೋನಸ್ ರೂಪದಲ್ಲಿ ಕೊಡುತ್ತಿತ್ತು. ಆ ಹಣ ಬಂದ ವಾರಗಳಲ್ಲಿ ಕಾರು ಮತ್ತು ಪೀಠೋಪಕರಣದ ಅಂಗಡಿಗಳಿಗೆ ಸುಗ್ಗಿ. 1906ರಲ್ಲಿ ಹ್ಯಾಲಾಯ್ಡ್ ಹೆಸರಿನಲ್ಲಿ ಹುಟ್ಟಿದ ಜೆರಾಕ್ಸ್ ಎರಡನೆಯ ದೊಡ್ಡ ಆಸರೆ. ಕೊಡಾಕ್‌ನ ಸ್ಥಳೀಯ ನೌಕರರ ಸಂಖ್ಯೆ 1982ರಲ್ಲಿ 60 ಸಾವಿರ ದಾಟಿ ಶಿಖರ ಮುಟ್ಟಿತು. ಡಿಜಿಟಲ್ ಛಾಯಾಗ್ರಹಣ ಫಿಲ್ಮನ್ನು ಹಿಂದಿಕ್ಕಿ, 2012ರ ಜನವರಿಯಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರುವ ವೇಳೆಗೆ ಆ ಸಂಖ್ಯೆ 7 ಸಾವಿರದ ಮಟ್ಟಕ್ಕೆ ಇಳಿದಿತ್ತು.

ಈ ಪತನದಿಂದ ಇಡೀ ಪ್ರದೇಶ ಕುಸಿಯಲಿಲ್ಲ. ಕೆಲಸ ಬಿಟ್ಟ ತಂತ್ರಜ್ಞರು ಮಸೂರ ಮತ್ತು ಚಿತ್ರಣ ತಂತ್ರಜ್ಞಾನದ ಸಣ್ಣ ಉದ್ಯಮಗಳಿಗೆ ಹೋದರು. ವಿಶ್ವವಿದ್ಯಾಲಯ ಮತ್ತು ಆಸ್ಪತ್ರೆಗಳು ಬೆಳೆದವು. ಇಂದು ರಾಚೆಸ್ಟರ್ ವಿಶ್ವವಿದ್ಯಾಲಯ, ಅದರ ವೈದ್ಯಕೀಯ ಕೇಂದ್ರವೂ ಸೇರಿ, ಪ್ರದೇಶದ ಅತಿ ದೊಡ್ಡ ಉದ್ಯೋಗದಾತ. ರಾಚೆಸ್ಟರ್ ರೀಜನಲ್ ಹೆಲ್ತ್ ಮತ್ತು ವೆಗ್‌ಮನ್ಸ್ ದಿನಸಿ ಮಳಿಗೆಗಳು ನಂತರದ ಸಾಲಿನಲ್ಲಿವೆ. ಆದರೆ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರ ಸಂಬಳಕ್ಕೂ ಶುಚಿಗಾರರ ಸಂಬಳಕ್ಕೂ ನಡುವೆ ಇರುವ ಮೆಟ್ಟಿಲುಗಳು ಕಡಿಮೆ. ಹೈಸ್ಕೂಲು ಮುಗಿಸಿದವರನ್ನು ಮಧ್ಯಮ ವರ್ಗಕ್ಕೆ ಏರಿಸುತ್ತಿದ್ದ ಕಾರ್ಖಾನೆ ಕೆಲಸಗಳು ಹೋದದ್ದರ ಪೆಟ್ಟು ಬಿದ್ದದ್ದು ಹೆಚ್ಚಾಗಿ ನಗರದೊಳಗಿನವರ ಮೇಲೆ. 2024ರಲ್ಲಿ ರಾಜ್ಯದ ಈ ಭಾಗದ ಕನಿಷ್ಠ ಕೂಲಿ ಗಂಟೆಗೆ 15 ಡಾಲರ್. ವರ್ಷವಿಡೀ ಪೂರ್ಣ ಹೊತ್ತು ದುಡಿದರೆ 31,200 ಡಾಲರ್.

ಮನೆವಾರು ಆದಾಯ

2000ದ ಜನಗಣತಿ ದಾಖಲಿಸಿದ್ದು 1999ರ ಆದಾಯವನ್ನು. ಆಗ ನಗರದ ಮಧ್ಯಾಂಕ ಮನೆವಾರು ಆದಾಯ 27,123 ಡಾಲರ್, ಕುಟುಂಬಗಳ ಮಧ್ಯಾಂಕ 31,257, ತಲಾ ಆದಾಯ 15,588. ಮನ್ರೋ ಕೌಂಟಿಯ ಮಧ್ಯಾಂಕ ಮನೆವಾರು ಆದಾಯ 44,891. ಇಡೀ ದೇಶದ್ದು 41,994. ಅಂದರೆ ನಗರವೂ ಸೇರಿದ ಕೌಂಟಿ ದೇಶಕ್ಕಿಂತ ಮೇಲಿತ್ತು; ನಗರ ಒಂದನ್ನೇ ತೆಗೆದುಕೊಂಡರೆ ದೇಶದ ಮೂರರಲ್ಲಿ ಎರಡು ಪಾಲಿಗೂ ತುಸು ಕೆಳಗಿತ್ತು.

2018ರಿಂದ 2022ರವರೆಗಿನ ಐದು ವರ್ಷದ ಅಂದಾಜಿನಲ್ಲಿ ನಗರದ ಮಧ್ಯಾಂಕ ಸುಮಾರು 44,000 ಡಾಲರ್, ದೇಶದ್ದು ಸುಮಾರು 75,000. ಡಾಲರುಗಳಲ್ಲಿ ದೊಡ್ಡ ಏರಿಕೆಯಂತೆ ಕಾಣುವ ಇದನ್ನು ಬೆಲೆಯೇರಿಕೆಯೊಂದಿಗೆ ತೂಗಬೇಕು. 1999ರ 27,123 ಡಾಲರ್ 2022ರ ಬೆಲೆಯಲ್ಲಿ ಸುಮಾರು 47,600 ಡಾಲರಿಗೆ ಸಮ. ಎರಡು ದಶಕಗಳಲ್ಲಿ ನಡುವಿನ ಮನೆಯ ಕೊಳ್ಳುವ ಶಕ್ತಿ ಹೆಚ್ಚಿಲ್ಲ. ದೇಶದ ಮಧ್ಯಾಂಕದ ಎದುರು ನಗರದ ಪಾಲು ಶೇ 65ರಿಂದ ಶೇ 60ರ ಕೆಳಕ್ಕೆ ಇಳಿದಿದೆ.

ನಗರದೊಳಗೂ ಆದಾಯ ಒಂದೇ ಸಮನಾಗಿ ಹರಡಿಲ್ಲ. ಆಗ್ನೇಯದ ಪಾರ್ಕ್ ಅವೆನ್ಯೂ, ಈಸ್ಟ್ ಅವೆನ್ಯೂ ಸುತ್ತಲಿನ ಭಾಗಗಳು, ನದಿಯ ಪಕ್ಕದ ಕಾರ್ನ್ ಹಿಲ್ ಅನುಕೂಲಸ್ಥರ ನೆಲೆಗಳು. ನಗರ ಕೇಂದ್ರವನ್ನು ಈಶಾನ್ಯದಿಂದ ಪಶ್ಚಿಮಕ್ಕೆ, ಅಲ್ಲಿಂದ ನೈಋತ್ಯಕ್ಕೆ ಬಳಸುವ ಅರ್ಧಚಂದ್ರಾಕಾರದ ಪಟ್ಟಿಯಲ್ಲಿ ಬಡತನ ದಟ್ಟವಾಗಿದೆ. 1930ರ ದಶಕದಲ್ಲಿ ಗೃಹಸಾಲದ ಸರ್ಕಾರಿ ನಕ್ಷೆಗಳು ಅಪಾಯದ ಪ್ರದೇಶವೆಂದು ಕೆಂಪು ಬಳಿದಿದ್ದ ಬೀದಿಗಳಲ್ಲಿ ಹಲವು ಈ ಪಟ್ಟಿಯೊಳಗೆ ಬರುತ್ತವೆ.

ಬಡತನ

2000ದಲ್ಲಿ ನಗರದ ಶೇ 25.9 ಜನ ಬಡತನ ರೇಖೆಯ ಕೆಳಗಿದ್ದರು. 18ರ ಒಳಗಿನವರಲ್ಲಿ ಶೇ 37.5, 65 ಮುಟ್ಟಿದವರಲ್ಲಿ ಶೇ 15.4. ಅದೇ ವರ್ಷ ಕೌಂಟಿಯ ಪ್ರಮಾಣ ಶೇ 11.2. ಮುಂದಿನ ದಶಕದಲ್ಲಿ ನಗರದ ಪ್ರಮಾಣ ಶೇ 30ನ್ನು ದಾಟಿತು. ದೇಶದ 75 ದೊಡ್ಡ ಮಹಾನಗರ ಪ್ರದೇಶಗಳ ಮುಖ್ಯ ನಗರಗಳಲ್ಲಿ ರಾಚೆಸ್ಟರ್ ಐದನೆಯ ಅತಿ ಬಡ ನಗರವೆಂದು ರಾಚೆಸ್ಟರ್ ಏರಿಯಾ ಕಮ್ಯುನಿಟಿ ಫೌಂಡೇಶನ್ 2013ರಲ್ಲಿ ವರದಿ ಮಾಡಿತು. ಆ ದಶಕದ ನಡುವಿನಲ್ಲಿ ಮಕ್ಕಳ ಬಡತನ ಶೇ 50ರ ಸಮೀಪವಿತ್ತು. 2022ಕ್ಕೆ ಕೊನೆಗೊಂಡ ಅಂದಾಜಿನಲ್ಲಿ ಒಟ್ಟು ಬಡತನ ಹತ್ತರಲ್ಲಿ ಮೂರರ ಸಮೀಪ.

ಶಾಲಾ ಜಿಲ್ಲೆಯ ಎಲ್ಲೆಯೂ ನಗರದ ಎಲ್ಲೆಯೂ ಒಂದೇ ಆಗಿರುವುದರಿಂದ ಬಡ ಮಕ್ಕಳು ಒಂದೇ ಜಿಲ್ಲೆಯಲ್ಲಿ ಸೇರಿದ್ದಾರೆ. ನಗರದ ವಿದ್ಯಾರ್ಥಿಗಳು ಉಪನಗರದ ಶಾಲೆಗಳಿಗೆ ಹೋಗಲು ಅವಕಾಶ ಕೊಡುವ ಅರ್ಬನ್-ಸಬರ್ಬನ್ ಯೋಜನೆ 1965ರಲ್ಲಿ ವೆಸ್ಟ್ ಐರಾಂಡಿಕ್ವಾಯ್ಟ್‌ನಿಂದ ಶುರುವಾಯಿತು. ಅದರ ಪ್ರಯೋಜನ ಸಿಗುವುದು ಒಟ್ಟು ಮಕ್ಕಳಲ್ಲಿ ಸಣ್ಣ ಭಾಗಕ್ಕೆ ಮಾತ್ರ.

ಅಂಕಿಅಂಶಗಳ ಬಳಕೆ

ಚುನಾವಣಾ ಕ್ಷೇತ್ರಗಳ ಮರುವಿಂಗಡಣೆ ಜನಗಣತಿಯ ಎಣಿಕೆಯ ಮೇಲೆ ನಡೆಯುತ್ತದೆ. 1974ರ ಕಾಯಿದೆಯಂತೆ ನಗರಗಳಿಗೆ ಬರುವ ಒಕ್ಕೂಟದ ಸಮುದಾಯಾಭಿವೃದ್ಧಿ ಅನುದಾನದ ಸೂತ್ರದಲ್ಲಿ ಜನಸಂಖ್ಯೆ, ಬಡತನ, ಮನೆಗಳ ಹಳಮೆ ಸೇರಿವೆ. ರಾಚೆಸ್ಟರಿನಂಥ ಹಳೆಯ ನಗರಕ್ಕೆ ಕೊನೆಯದು ಅನುಕೂಲ. ಬಾಡಿಗೆ ನೆರವಿಗೆ ಯಾರು ಅರ್ಹರೆಂದು ತೀರ್ಮಾನಿಸುವಾಗ ನಗರದ ಮಧ್ಯಾಂಕವನ್ನು ಬಳಸದೆ ಇಡೀ ಮಹಾನಗರ ಪ್ರದೇಶದ ಮಧ್ಯಾಂಕವನ್ನು ಆಧಾರ ಮಾಡಿಕೊಳ್ಳುತ್ತಾರೆ. ಹಾಗಾಗಿ ‘ಕೈಗೆಟಕುವ’ ಎಂಬ ಹಣೆಪಟ್ಟಿಯ ಎಷ್ಟೋ ಮನೆಗಳ ಬಾಡಿಗೆ ನಗರದ ನಡುವಿನ ಮನೆಗೇ ಎಟಕುವುದಿಲ್ಲ.

ಇಂದಿನ ಸ್ಥಿತಿ

2010ರಿಂದ 2020ರ ನಡುವೆ ನಗರದ ಜನಸಂಖ್ಯೆ 763ರಷ್ಟು ಹೆಚ್ಚಿತು. ಲೆಕ್ಕಕ್ಕೆ ಅತ್ಯಲ್ಪವಾದರೂ 1950ರ ನಂತರ ದಾಖಲಾದ ಮೊದಲ ಏರಿಕೆ ಇದು. ಅದೇ ಜನಗಣತಿಯಲ್ಲಿ 2,11,569 ಜನರ ಯಾಂಕರ್ಸ್ ನಗರ 241ರ ಅಂತರದಿಂದ ಮುಂದೆ ಹೋಗಿ, ರಾಜ್ಯದಲ್ಲಿ ರಾಚೆಸ್ಟರ್ ಮೂರನೆಯ ಸ್ಥಾನದಿಂದ ನಾಲ್ಕನೆಯದಕ್ಕೆ ಸರಿಯಿತು. ಇನ್ನರ್ ಲೂಪ್‌ನ ಪೂರ್ವ ಭಾಗವನ್ನು 2014ರಿಂದ 2017ರ ನಡುವೆ ಮುಚ್ಚಿ ಸಾಮಾನ್ಯ ರಸ್ತೆಯಾಗಿಸಿದ್ದು, ಬಿಡುವಾದ ಜಾಗದಲ್ಲಿ ವಸತಿ ಕಟ್ಟಡಗಳು ಎದ್ದಿವೆ. ನಗರ ಕೇಂದ್ರದ ಹಳೆಯ ಕಚೇರಿ ಕಟ್ಟಡಗಳೂ ಅಪಾರ್ಟ್‌ಮೆಂಟುಗಳಾಗುತ್ತಿವೆ. ಬಡತನ ತಗ್ಗಿಸಲು 2015ರಲ್ಲಿ ರಾಚೆಸ್ಟರ್-ಮನ್ರೋ ಬಡತನ ನಿವಾರಣಾ ಉಪಕ್ರಮ ಆರಂಭವಾಯಿತು. ಆಯ್ದ ನಿವಾಸಿಗಳಿಗೆ ಒಂದು ವರ್ಷ ಕಾಲ ತಿಂಗಳಿಗೆ 500 ಡಾಲರ್ ಖಾತರಿ ಆದಾಯ ಕೊಡುವ ಪ್ರಯೋಗವನ್ನು ನಗರ 2023ರಲ್ಲಿ ಕೈಗೊಂಡಿತು.